ದೊಣ್ಣೆಯವನ ಹೆಸರು

ಆಸ್ಟ್ರೇಲಿಯಾಕ್ಕೆ ಬಂದಿಳಿದ ಕನ್ನಡಿಗರ ಕಿವಿಗೆ ಮೊದಲ ಕೆಲವು ತಿಂಗಳಲ್ಲೇ ಬೀಳುವ ಮಾತುಗಳಲ್ಲಿ 'ಬ್ಲಡ್ಜರ್' ಒಂದು. ಊರಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅದು ಇರಲಿಲ್ಲ. ಮಕ್ಕಳನ್ನು ಕೇಳಿದರೆ ಹ್ಯಾರಿ ಪಾಟರ್ ಕಥೆಯಲ್ಲಿ ಆಟಗಾರರ ಮೇಲೆ ನುಗ್ಗಿ ಬರುವ ಕಬ್ಬಿಣದ ಚೆಂಡು ಎನ್ನುತ್ತಾರೆ. ಆದರೆ ಇಲ್ಲಿಯ ಕಟ್ಟಡದ ಸೈಟುಗಳಲ್ಲಿ, ಗೋದಾಮಿನ ಊಟದ ಕೋಣೆಯಲ್ಲಿ, ಬೆಳಗಿನ ರೇಡಿಯೋ ಹರಟೆಯಲ್ಲಿ ಅದು ಮನುಷ್ಯರಿಗೆ ಅನ್ನುವ ಮಾತು. ಮೈ ಬಗ್ಗಿಸದೆ ಇನ್ನೊಬ್ಬರ ದುಡಿಮೆಯಲ್ಲಿ ಹೊಟ್ಟೆ ಹೊರೆಯುವವನು ಬ್ಲಡ್ಜರ್. ನಾವು ಮೈಗಳ್ಳ, ಉಂಡಾಡಿ, ದಂಡಪಿಂಡ ಎನ್ನುತ್ತೇವಲ್ಲ, ಅದೇ ಜಾತಿಗೆ ಸೇರಿದ್ದು.

ಗೆಳೆಯರ ನಡುವೆ ಈ ಮಾತಿಗೆ ಭಾರವಿಲ್ಲ. ಪಕ್ಕದವನಿಂದ ಒಂದು ಸಿಗರೇಟು ಕೇಳಿ ಪಡೆದರೂ 'ಬ್ಲಡ್ಜ್' ಮಾಡಿದ ಎನ್ನುತ್ತಾರೆ. ಹೆಚ್ಚು ಓದದೆ ಪಾಸಾಗಬಹುದಾದ ವಿಷಯವನ್ನು ಹೈಸ್ಕೂಲಿನ ಹುಡುಗರು 'ಬ್ಲಡ್ಜ್' ಎನ್ನುತ್ತಾರೆ. ಭುಜ ತಟ್ಟಿ ನಗುತ್ತಾ ಹೇಳಿದರೆ ಯಾರಿಗೂ ನೋವಿಲ್ಲ. ಅದರ ಮುಂದೆ 'ಡೋಲ್' ಸೇರಿದಾಗ ಮಾತಿನ ಮುಖವೇ ಬದಲಾಗುತ್ತದೆ. ಡೋಲ್ ಎಂದರೆ ಕೆಲಸವಿಲ್ಲದವರಿಗೆ ಸರ್ಕಾರ ಎರಡು ವಾರಕ್ಕೊಮ್ಮೆ ಕೊಡುವ ಭತ್ಯೆ. 'ಡೋಲ್ ಬ್ಲಡ್ಜರ್' ಎಂದು ಒಮ್ಮೆ ಅಂದುಬಿಟ್ಟರೆ ಆ ಮನುಷ್ಯ ಇನ್ನು ಬಾಯಿ ತೆರೆದು ಏನು ಹೇಳಿದರೂ ನೆಪ ಎನ್ನಿಸಿಕೊಳ್ಳುತ್ತದೆ.

ಥಾರ್ನ್ಲಿ ಪರ್ತ್ ನಗರದ ಆಗ್ನೇಯ ದಿಕ್ಕಿಗೆ, ಕ್ಯಾನಿಂಗ್ ನದಿಯ ದಡದಲ್ಲಿರುವ ಬಡಾವಣೆ. ಗಾಸ್ನೆಲ್ಸ್ ಪೌರಾಡಳಿತಕ್ಕೆ ಸೇರಿದ್ದು. ಇಂಗ್ಲೆಂಡಿನಿಂದ ಬಂದವರು, ಮಲೇಷ್ಯಾದವರು, ಆಫ್ಘನ್ನರು, ಪಂಜಾಬಿಗಳು, ಅವರ ನಡುವೆ ಕನ್ನಡದ ಮನೆಗಳು. 2005ರಲ್ಲಿ ಇಲ್ಲಿಗೆ ರೈಲು ಬಂತು, 2025ರ ಜೂನ್‌ನಲ್ಲಿ ಹಳಿ ಕಾಕ್‌ಬರ್ನ್‌ವರೆಗೆ ಮುಂದುವರಿಯಿತು. ನಸುಕಿನ ರೈಲಿಗೆ ಕಾದು ನಿಂತರೆ ಕೆಲಸಕ್ಕೆ ಹೊರಟವರ ಜೊತೆಗೆ ಕೆಲಸ ಮುಗಿಸಿ ಬಂದವರೂ ಕಾಣುತ್ತಾರೆ. ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಕಣ್ಣು ಕೆಂಪಾದ ಹೆಣ್ಣುಮಗಳು, ಪೇಟೆಯ ಕಚೇರಿಗಳನ್ನು ಒರೆಸಿ ಗುಡಿಸಿ ಮನೆಗೆ ಹೊರಟ ನಡುವಯಸ್ಸಿನ ಗಂಡಸು. ಅವರು ಮನೆ ಸೇರಿ ಪರದೆ ಎಳೆದು ಮಲಗುವ ಹೊತ್ತಿಗೆ ಬೀದಿಯ ಉಳಿದವರು ಹೊರಗೆ ಬರುತ್ತಾರೆ. ಬೆಳಗಿನ ಹತ್ತು ಗಂಟೆಗೂ ಪರದೆ ಮುಚ್ಚಿದ ಆ ಮನೆ ನೋಡಿ, 'ಸೋಮಾರಿಗಳು, ಡೋಲ್ ಮೇಲೆ ಇರಬೇಕು' ಎಂದು ನಮ್ಮವರೇ ಅನ್ನುವುದನ್ನು ಕೇಳಿದ್ದೇನೆ. ಬಂದ ನಾಡಿನ ಭಾಷೆಯಲ್ಲಿ ಬೈಗುಳವನ್ನು ನಾವು ಎಷ್ಟು ಬೇಗ ಕಲಿಯುತ್ತೇವೆ! ಅದರ ಹಿಂದಿನ ಕಥೆ ಕಲಿಯುವುದಕ್ಕೆ ಸಮಯ ಹಿಡಿಯುತ್ತದೆ. ಆ ಕಥೆ ಗೊತ್ತಾದ ಮೇಲೆ ಈ ಮಾತು ನನ್ನ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ.

ಬ್ಲಡ್ಜರ್ ಎಂಬುದರ ಮೂಲದಲ್ಲಿ ಇರುವುದು ದೊಣ್ಣೆ. ಇಂಗ್ಲಿಷಿನಲ್ಲಿ ತುದಿ ದಪ್ಪಗಿರುವ ಬಡಿಗೆಗೆ ಬ್ಲಡ್ಜನ್ ಎನ್ನುತ್ತಾರೆ. ಅದನ್ನು ಹಿಡಿದು ಓಡಾಡುವ ಪುಂಡ ಬ್ಲಡ್ಜನರ್. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ಕಳ್ಳಕಾಕರ ಆಡುನುಡಿಯೊಂದಿಗೆ ಈ ಪದ ಹಡಗು ಹತ್ತಿ ಬಂತು. 1882ರಲ್ಲಿ ಸಿಡ್ನಿಯಲ್ಲಿ ಅಚ್ಚಾದ ಆಡುನುಡಿಯ ನಿಘಂಟಿನಲ್ಲಿ, 1895ರಲ್ಲಿ ಕಾರ್ನೀಲಿಯಸ್ ಕ್ರೋವ್ ಹೊರತಂದ ಇನ್ನೊಂದು ನಿಘಂಟಿನಲ್ಲಿ ಈ ಮಾತು ಸಿಗುತ್ತದೆ. ಎರಡರಲ್ಲೂ ಅದರ ಅರ್ಥ ಸೋಮಾರಿ ಎಂದಲ್ಲ. ಮೊದಲನೆಯದರಲ್ಲಿ ಮೈ ಮಾರಿ ಬದುಕುವ ಹೆಣ್ಣಿನ ಜೊತೆ ಸೇರಿ ಸುಲಿಗೆ ಮಾಡುವವನು ಎಂದು, ಎರಡನೆಯದರಲ್ಲಿ ದೊಣ್ಣೆ ಬಳಸುವ, ಅಂಥ ಹೆಣ್ಣಿನ ಗಳಿಕೆಯಲ್ಲಿ ಬದುಕುವ ಕಳ್ಳ ಎಂದು. ಅವನು ಕೆಲಸ ಮಾಡುತ್ತಿರಲಿಲ್ಲ, ನಿಜ. ಆದರೆ ಅವನ ಪಾಪ ಸೋಮಾರಿತನವಾಗಿರಲಿಲ್ಲ. ಬಲವಿಲ್ಲದವಳ ದುಡಿಮೆಯನ್ನು ಬಲವಿದ್ದವನು ಕಸಿದುಕೊಳ್ಳುವುದು ಅವನ ಪಾಪ.

ಮುಂದೆ ಪದ ಬೀದಿಯಿಂದ ಕಾರ್ಖಾನೆಗೆ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೈಕೆಸರು ಮಾಡಿಕೊಂಡು ದುಡಿಯುವ ಕೂಲಿಕಾರರು ಇದನ್ನು ಕುರ್ಚಿಯಲ್ಲಿ ಕೂತು ಸಂಬಳ ಎಣಿಸುವವರಿಗೆ ಅನ್ವಯಿಸಿದರು. ಕಂಪ್ಯೂಟರಿನ ಎದುರು ಕೂತು ಬದುಕು ಕಟ್ಟಿಕೊಂಡ ನಮ್ಮಂಥವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಕಾಲದ ಬಂದರಿನ ಹಮಾಲರ ಲೆಕ್ಕದಲ್ಲಿ ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಕನ್ನಡದ ಇಂಜಿನಿಯರುಗಳೆಲ್ಲ ಬ್ಲಡ್ಜರ್‌ಗಳೇ. ಅದನ್ನು ನಾವು ಒಪ್ಪುವುದಿಲ್ಲ. ತಲೆಯಿಂದ ಮಾಡುವ ಕೆಲಸವೂ ಕೆಲಸವೇ ಎಂದು ವಾದಿಸುತ್ತೇವೆ, ಸರಿಯಾಗಿಯೇ ವಾದಿಸುತ್ತೇವೆ. ಹಾಗಾದರೆ ಯಾರು ಏನು ಮಾಡುತ್ತಿದ್ದಾರೆ ಎಂಬುದು ದೂರದಿಂದ ನೋಡುವವರಿಗೆ ಕಾಣುವುದಿಲ್ಲ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಆಮೇಲೆ 1930ರ ದಶಕದ ಆರ್ಥಿಕ ಮಹಾಕುಸಿತ. 1932ರ ಹೊತ್ತಿಗೆ ಆಸ್ಟ್ರೇಲಿಯಾದ ದುಡಿಯುವ ಜನರಲ್ಲಿ ಸುಮಾರು ಶೇಕಡ 30ರಷ್ಟು ಮಂದಿಗೆ ಕೆಲಸವಿರಲಿಲ್ಲ. ಕೈಗೆ ಸಿಗುತ್ತಿದ್ದುದು ದಿನಸಿಯ ಚೀಟಿ, ಇಲ್ಲವೆ 'ಸಸ್ಟೆನೆನ್ಸ್' ಎಂಬ ಹೊಟ್ಟೆಪಾಡಿನ ಕಾಸು. ಜನ ಅದನ್ನು 'ಸಸ್ಸೋ' ಎಂದು ಕರೆದರು. ಅಡಿಲೇಡಿನಲ್ಲಿ ಪಡಿತರದಿಂದ ದನದ ಮಾಂಸ ತೆಗೆದು ಕುರಿಮಾಂಸ ಮಾತ್ರ ಕೊಡುತ್ತೇವೆ ಎಂದಾಗ, 1931ರ ಜನವರಿ 9ರಂದು ಎರಡು ಸಾವಿರದಷ್ಟು ಜನ ಪೋರ್ಟ್ ಅಡಿಲೇಡಿನಿಂದ ನಡುಪೇಟೆಯ ಖಜಾನೆ ಕಟ್ಟಡದವರೆಗೆ ನಡೆದುಬಂದರು. ಪೊಲೀಸರು ಲಾಠಿ ಬೀಸಿದರು, ತಲೆಗಳು ಒಡೆದವು. ಎರಡೇ ತಿಂಗಳಿಗೆ ಪರ್ತಿನ ಖಜಾನೆಯ ಎದುರೂ ಇಂಥದ್ದೇ ಹೊಡೆದಾಟ. ಅಂದು ಬೀದಿಯಲ್ಲಿ ನಿಂತವರು ನಿನ್ನೆ ಮೊನ್ನೆಯವರೆಗೆ ಬಂದರಿನಲ್ಲಿ ಮೂಟೆ ಹೊತ್ತವರು, ಗೋಧಿಯ ಹೊಲಗಳಲ್ಲಿ ಬೆವರು ಸುರಿಸಿದವರು. ಒಂದೇ ವರ್ಷದಲ್ಲಿ ಅಷ್ಟು ಜನಕ್ಕೆ ಒಟ್ಟಿಗೆ ಸೋಮಾರಿತನ ಬರುತ್ತದೆಯೆ?

ಕ್ಯಾನಿಂಗ್ ಅಣೆಕಟ್ಟು ನೋಡಲು ಥಾರ್ನ್ಲಿಯಿಂದ ಬೆಟ್ಟದ ಕಡೆಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ ಸಾಕು. ರಜಾದಿನ ನಮ್ಮವರು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವ ಜಾಗ. ಜಾರಾ ಮರಗಳ ನಡುವೆ ಸುಮಾರು 70 ಮೀಟರ್ ಎತ್ತರದ ಬೂದು ಬಣ್ಣದ ಕಾಂಕ್ರೀಟ್ ಗೋಡೆ. ಗೋಡೆಯ ಮೇಲೆ ನಡೆಯಬಹುದು. ಒಂದು ಬದಿಗೆ ನೀಲಿ ನೀರು, ಇನ್ನೊಂದು ಬದಿಗೆ ತಲೆ ತಿರುಗಿಸುವ ಆಳ. ಬಿಸಿಲು ಏರುವ ಮೊದಲು ಹೋದರೆ ಕೈಯಿಟ್ಟಲ್ಲೆಲ್ಲ ಕಾಂಕ್ರೀಟು ತಣ್ಣಗಿರುತ್ತದೆ. ಈ ಗೋಡೆಯ ಕೆಲಸ ಶುರುವಾದದ್ದು 1933ರಲ್ಲಿ, ಮುಗಿದದ್ದು 1940ರಲ್ಲಿ. ಕಟ್ಟಿದವರಲ್ಲಿ ಬಹಳಷ್ಟು ಮಂದಿ ಸಸ್ಸೋ ಮೇಲೆ ಬದುಕುತ್ತಿದ್ದ ನಿರುದ್ಯೋಗಿಗಳು. ಪಟ್ಟಣದಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದಾರೆ ಎನಿಸಿಕೊಂಡಿದ್ದ ಗಂಡಸರು ಇಲ್ಲಿ ಬಂದು ಬಂಡೆ ಒಡೆದರು, ಜಲ್ಲಿ ಹೊತ್ತರು, ಕಾಂಕ್ರೀಟು ಸುರಿದರು. 1961ರವರೆಗೂ ಪರ್ತಿಗೆ ಕುಡಿಯುವ ನೀರಿನ ಮುಖ್ಯ ಆಸರೆ ಇದೇ ಆಗಿತ್ತು. ಅದೇ 1940ರಲ್ಲಿ ಬ್ರಿಸ್ಬೇನಿನ ನದಿಯ ಮೇಲೆ ಸ್ಟೋರಿ ಬ್ರಿಜ್ ಸಂಚಾರಕ್ಕೆ ತೆರೆಯಿತು. ಅದೂ ನಿರುದ್ಯೋಗ ನೀಗಿಸಲೆಂದೇ ಕೈಗೆತ್ತಿಕೊಂಡ ಕಾಮಗಾರಿಗಳಲ್ಲಿ ಒಂದು. ಇವತ್ತು ಬ್ರಿಸ್ಬೇನಿನ ಕನ್ನಡಿಗರು ಊರಿಗೆ ಕಳಿಸುವ ಫೋಟೋಗಳಲ್ಲಿ ಆ ಸೇತುವೆ ಇರುತ್ತದೆ. ಕೆಲಸ ಕೊಟ್ಟಾಗ ಆ ಕೈಗಳು ಏನು ಮಾಡಿದವು ಎಂಬುದಕ್ಕೆ ನದಿಯ ಮೇಲೆ, ಬೆಟ್ಟದ ನಡುವೆ ಸಾಕ್ಷಿ ನಿಂತಿದೆ.

ಕೆಲಸ ಕಳೆದುಕೊಳ್ಳುವುದು ವ್ಯಕ್ತಿಯ ಅಪರಾಧವಲ್ಲ ಎಂಬ ತಿಳಿವಳಿಕೆ ಆ ಕಷ್ಟದಿಂದಲೇ ಗಟ್ಟಿಯಾಯಿತು. ಕ್ವೀನ್ಸ್‌ಲ್ಯಾಂಡ್ ರಾಜ್ಯ 1922ರಲ್ಲೇ ಕಾನೂನು ಮಾಡಿ ಮರುವರ್ಷದಿಂದ ನಿರುದ್ಯೋಗ ವಿಮೆ ಕೊಡಲು ಮುಂದಾಗಿತ್ತು. ಇಡೀ ದೇಶಕ್ಕೆ ನಿರುದ್ಯೋಗ ಭತ್ಯೆ ಜಾರಿಯಾದದ್ದು 1945ರ ಜುಲೈನಲ್ಲಿ. ಯುದ್ಧ ಮುಗಿದ ಮೇಲೆ ಸುಮಾರು ಕಾಲು ಶತಮಾನ ಎಲ್ಲರಿಗೂ ಕೆಲಸವಿತ್ತು, ಭತ್ಯೆ ಕೇಳುವವರು ಕಡಿಮೆ, ಹಾಗಾಗಿ ಬೈಯುವವರೂ ಕಡಿಮೆ. 1973ರ ತೈಲ ಬಿಕ್ಕಟ್ಟಿನ ನಂತರ ಚಿತ್ರ ಬದಲಾಯಿತು. ಶೇಕಡ ಎರಡರ ಆಸುಪಾಸಿನಲ್ಲಿದ್ದ ನಿರುದ್ಯೋಗ ಒಂದೆರಡು ವರ್ಷದಲ್ಲೇ ಐದರ ಹತ್ತಿರ ಬಂತು. 'ಡೋಲ್ ಬ್ಲಡ್ಜರ್' ಎಂಬ ಜೋಡುಪದ ಪತ್ರಿಕೆಗಳಲ್ಲಿ, ರಾಜಕಾರಣಿಗಳ ಬಾಯಲ್ಲಿ ಓಡಾಡಲು ಶುರುವಾದದ್ದು ಆಗಲೇ. ಕೆಲಸಗಳು ಕಡಿಮೆಯಾದ ಹೊತ್ತಿನಲ್ಲೇ ಕೆಲಸವಿಲ್ಲದವರ ಮೇಲೆ ಬೈಗುಳ ಹೆಚ್ಚಾಯಿತು ಎಂಬುದನ್ನು ಗಮನಿಸಬೇಕು. ನನಗೆ ಇದು ಈ ಪದದ ಇತಿಹಾಸದಲ್ಲಿ ಎಲ್ಲಕ್ಕಿಂತ ದುಃಖದ ಸಂಗತಿ. ದೊಣ್ಣೆ ಹಿಡಿದವನಿಗೆ ಇಟ್ಟಿದ್ದ ಹೆಸರು ನೂರು ವರ್ಷದೊಳಗೆ ಕೈಯಲ್ಲಿ ಏನೂ ಇಲ್ಲದವನ ಮೇಲೆ ಬಿತ್ತು.

ಬಿದ್ದದ್ದು ಮಾತಾಗಿಯೇ ಉಳಿಯಲಿಲ್ಲ. 1997ರಲ್ಲಿ ಭತ್ಯೆ ಪಡೆಯುವವರು ಅದಕ್ಕೆ ಬದಲಾಗಿ ಕೆಲಸ ಮಾಡಬೇಕೆಂಬ 'ವರ್ಕ್ ಫಾರ್ ದ ಡೋಲ್' ಬಂತು. ಈಗಂತೂ ಅಂಕಗಳ ಲೆಕ್ಕ. 2022ರ ಜುಲೈನಿಂದ ಅರ್ಜಿ ಹಾಕಿದ್ದಕ್ಕೆ ಇಷ್ಟು, ಸಂದರ್ಶನಕ್ಕೆ ಇಷ್ಟು, ತರಬೇತಿಗೆ ಇಷ್ಟು ಎಂದು ತಿಂಗಳಿಗೆ ನೂರು ಅಂಕ ಕೂಡಿಸಬೇಕು. ಕೂಡದಿದ್ದರೆ ಹಣ ನಿಲ್ಲಬಹುದು. ಮನೆಯಲ್ಲಿ ಕೂತು ಹಾಯಾಗಿ ತಿನ್ನುತ್ತಾರೆ ಎಂದು ಹೇಳುವವರು ಒಮ್ಮೆ ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು.

ಎಲ್ಲಕ್ಕಿಂತ ಘೋರವಾದದ್ದು ಜನ 'ರೋಬೋಡೆಟ್' ಎಂದು ಕರೆದ ಭತ್ಯೆ ವಸೂಲಿ ಯೋಜನೆ. ಅದರ ತಪ್ಪನ್ನು ಅರ್ಥಮಾಡಿಕೊಳ್ಳಲು ಮೂರನೇ ತರಗತಿಯ ಭಾಗಾಕಾರ ಸಾಕು. ಒಬ್ಬ ಹುಡುಗ ವರ್ಷದ ಮೊದಲ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದ ಎಂದುಕೊಳ್ಳಿ. ಮುಂದಿನ ಆರು ತಿಂಗಳು ಕೆಲಸ ಸಿಕ್ಕಿತು, 26,000 ಡಾಲರ್ ದುಡಿದ, ಭತ್ಯೆ ಬಿಟ್ಟ. ಎಲ್ಲ ನ್ಯಾಯವಾಗಿಯೇ ಇದೆ. ಆದರೆ ಕಂಪ್ಯೂಟರು ತೆರಿಗೆ ಇಲಾಖೆಯ ವಾರ್ಷಿಕ ಮೊತ್ತವನ್ನು ತೆಗೆದುಕೊಂಡು ವರ್ಷದ ಎರಡೆರಡು ವಾರದ 26 ಕಂತುಗಳಿಗೆ ಸಮನಾಗಿ ಹಂಚಿತು. ಪ್ರತಿ ಎರಡು ವಾರಕ್ಕೆ ಸಾವಿರ ಡಾಲರ್. ನೋಡು, ಕೆಲಸವಿಲ್ಲ ಎಂದು ಹೇಳಿದ ದಿನಗಳಲ್ಲೂ ನೀನು ಸಾವಿರ ದುಡಿದಿದ್ದೀಯ, ಸುಳ್ಳು ಹೇಳಿದ್ದೀಯ, ಪಡೆದ ಭತ್ಯೆ ವಾಪಸು ಕೊಡು ಎಂದು ನೋಟಿಸು ಹೋಯಿತು. ಸಾಲವಿಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಅವನದೇ. ಹಳೆಯ ಸಂಬಳದ ಚೀಟಿ ಹುಡುಕಿಕೊಂಡು, ಮುಚ್ಚಿಹೋದ ಅಂಗಡಿಗಳ ಮಾಲೀಕರನ್ನು ಹುಡುಕಿಕೊಂಡು ಜನ ಅಲೆದರು. 2015ರಿಂದ 2019ರವರೆಗೆ ಹೀಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ತಲೆಯ ಮೇಲೆ ಇಲ್ಲದ ಸಾಲ ಹೊರಿಸಲಾಯಿತು. ಕೆಲವರು ಆ ಭಾರ ತಾಳಲಾರದೆ ಜೀವ ಕಳೆದುಕೊಂಡರು.

ಇದರ ಮೇಲೆ ಕೂತ ರಾಯಲ್ ಕಮಿಷನ್ನಿನ ವಿಚಾರಣೆ ನಡೆದದ್ದು ಬ್ರಿಸ್ಬೇನಿನಲ್ಲಿ. ಕ್ವೀನ್ಸ್‌ಲ್ಯಾಂಡಿನ ಮಾಜಿ ಮುಖ್ಯ ನ್ಯಾಯಾಧೀಶೆ ಕ್ಯಾಥರಿನ್ ಹೋಮ್ಸ್ ಅದರ ಮುಖ್ಯಸ್ಥೆ. 2023ರ ಜುಲೈ 7ರಂದು ವರದಿ ಬಂತು. ಆ ಯೋಜನೆಯಲ್ಲಿ ನ್ಯಾಯವೂ ಇರಲಿಲ್ಲ, ಕಾನೂನಿನ ಬಲವೂ ಇರಲಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಭತ್ಯೆ ಪಡೆಯುವವರನ್ನು ಕಳ್ಳರಂತೆ ಕಾಣುವ ಮಾತುಗಾರಿಕೆಯ ಬಗ್ಗೆಯೂ ಅದರಲ್ಲಿ ಟೀಕೆಯಿದೆ. ಸರ್ಕಾರ ಲಕ್ಷಾಂತರ ಜನರ ಮೇಲೆ ಕೈಯೆತ್ತುವ ಮುನ್ನ ಸಮಾಜ ಅವರ ಹೆಸರು ಕೆಡಿಸಿಟ್ಟಿತ್ತು. ಕೆಟ್ಟ ಹೆಸರಿನವರ ದೂರನ್ನು ಯಾರು ಕೇಳುತ್ತಾರೆ? ಊಟದ ಮೇಜಿನ ಎದುರು ನಾವು ಹಗುರವಾಗಿ ಆಡುವ ಮಾತು ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಲು ಆ ವರದಿಯ ನಾಲ್ಕು ಪುಟ ಓದಿದರೂ ಸಾಕು.

ಇನ್ನು ಈ ನೆಲದ ಮೂಲ ಜನರ ವಿಷಯ. ಥಾರ್ನ್ಲಿಯ ಪಕ್ಕದಲ್ಲಿ ಹರಿಯುವ ಕ್ಯಾನಿಂಗ್ ನದಿ ವಾಜುಕ್ ನೂಂಗಾರ್ ಜನರ ನದಿ. ಆದಿವಾಸಿಗಳನ್ನು ಸೋಮಾರಿಗಳು ಎಂದು ಕರೆಯುವ ಚಟ ಈ ದೇಶದಲ್ಲಿ ಹಳೆಯದು. ಹೊಸದಾಗಿ ಬಂದ ನಾವೂ ಅದನ್ನು ಪರೀಕ್ಷಿಸದೆ ಎತ್ತಿಕೊಳ್ಳುತ್ತೇವೆ. ಆದರೆ ದಾಖಲೆ ಏನು ಹೇಳುತ್ತದೆ ನೋಡಿ. ಪಶ್ಚಿಮ ಆಸ್ಟ್ರೇಲಿಯಾದ ವಿಶಾಲವಾದ ದನದ ಫಾರ್ಮುಗಳಲ್ಲಿ ಆದಿವಾಸಿ ಗಂಡಸರು ದನ ಕಾಯ್ದರು, ಬೇಲಿ ಹಾಕಿದರು, ಬಾವಿ ತೋಡಿದರು. ಹೆಂಗಸರು, ಎಳೆಯ ಹುಡುಗಿಯರು ಯಜಮಾನರ ಮನೆಗಳಲ್ಲಿ ಅಡುಗೆ, ಬಟ್ಟೆ, ಮಗು ನೋಡಿಕೊಂಡರು. ಅನೇಕರಿಗೆ ಸಂಬಳವೇ ಇರಲಿಲ್ಲ, ಹಿಟ್ಟು, ಸಕ್ಕರೆ, ಚಹಾಪುಡಿ ಕೊಟ್ಟು ಕೈತೊಳೆದುಕೊಂಡರು. ಸಂಬಳವಿದ್ದ ಕಡೆಯೂ ಹಣ ಸರ್ಕಾರಿ ಖಾತೆಗೆ ಹೋಗಿ ಅಲ್ಲೇ ಉಳಿಯಿತು. ಕ್ವೀನ್ಸ್‌ಲ್ಯಾಂಡಿನಲ್ಲೂ ಇದೇ ಕಥೆ. 2019ರಲ್ಲಿ ಆ ರಾಜ್ಯ 190 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. 1936ರಿಂದ 1972ರವರೆಗೆ ದುಡಿದವರ ಪರವಾದ ಮೊಕದ್ದಮೆಯಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ 2023ರಲ್ಲಿ ಸುಮಾರು 180 ಮಿಲಿಯನ್ ಡಾಲರಿನವರೆಗೆ ಕೊಡಲು ಒಪ್ಪಿತು. ಆ ಹೊತ್ತಿಗೆ ದುಡಿದವರಲ್ಲಿ ಎಷ್ಟೋ ಜನ ತೀರಿಕೊಂಡಿದ್ದರು. ಇನ್ನೊಬ್ಬರ ಗಳಿಕೆಯನ್ನು ಬಲದಿಂದ ಕಿತ್ತುಕೊಂಡು ಬದುಕುವವನಿಗೆ ಬ್ಲಡ್ಜರ್ ಎನ್ನಬೇಕಾದರೆ, ಆ ಫಾರ್ಮುಗಳಲ್ಲಿ ಆ ಹೆಸರು ಯಾರಿಗೆ ಸಲ್ಲಬೇಕಿತ್ತು, ಯಾರಿಗೆ ಸಂದಿತು?

ಕನ್ನಡದಲ್ಲೂ ಹೀಗೆ ದಾರಿ ತಪ್ಪಿದ ಒಂದು ಮಾತಿದೆ. ಇವತ್ತು 'ಬಿಟ್ಟಿ' ಎಂದರೆ ಪುಕ್ಕಟೆ. ಬಿಟ್ಟಿ ಊಟ, ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು. ನಮ್ಮ ಶಾಸನಗಳಲ್ಲಿ ಬರುವ ಬಿಟ್ಟಿ ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು. ಅರಸ, ಊರಗೌಡ, ಜಮೀನುದಾರ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುತ್ತಿದ್ದ ದುಡಿಮೆಗೆ ಆ ಹೆಸರು. ಬಿಟ್ಟಿ ಚಾಕರಿ ಎಂದು ಹಳ್ಳಿಯ ಹಿರಿಯರು ಈಗಲೂ ಅನ್ನುತ್ತಾರೆ. ಯಾರಿಂದ ಬಿಟ್ಟಿ ಮಾಡಿಸಿಕೊಂಡರೋ ಅವರ ಮಕ್ಕಳು ಮೊಮ್ಮಕ್ಕಳಿಗೆ ಪಡಿತರದ ಅಕ್ಕಿ ಬಂದಾಗ, ಬಿಟ್ಟಿ ತಿನ್ನುವವರು ಎಂಬ ಮಾತು ಬಂತು. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಜನ ಸೋಮಾರಿಗಳಾಗುತ್ತಾರೆ ಎಂದವರು ಕಡಿಮೆಯಿರಲಿಲ್ಲ. 2023ರಲ್ಲಿ ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳು ಹತ್ತಿ ಕೂತಾಗಲೂ ಅದೇ ಮಾತು. ಯೋಜನೆಗಳ ಹಣಕಾಸನ್ನು ಪ್ರಶ್ನಿಸುವುದು ನಾಗರಿಕರ ಹಕ್ಕು, ಪ್ರಶ್ನಿಸಲೇಬೇಕು. ಆದರೆ ಬೆಳಗಿನ ನಾಲ್ಕಕ್ಕೆ ಎದ್ದು ಮನೆಗೆಲಸ ಮುಗಿಸಿ, ಗಾರ್ಮೆಂಟ್ ಫ್ಯಾಕ್ಟರಿಯ ಪಾಳಿಗೆ ಆ ಬಸ್ಸು ಹಿಡಿಯುವವಳನ್ನು ಸೋಮಾರಿ ಎಂದು ಹೇಗೆ ಕರೆಯುವುದು?

ಕಾಯಕದ ಮಹತ್ವ ಸಾರಿದ ನಾಡಿನವರು ನಾವು ಎಂದು ಪರದೇಶದಲ್ಲಿ ಬಸವ ಜಯಂತಿ ಮಾಡುವಾಗ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸೋಮಾರಿಗಳನ್ನು ಬೈಯಲು ಕಾಯಕ ತತ್ವವನ್ನು ಬಳಸುವುದೂ ಉಂಟು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ ಇದ್ದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಮುಟ್ಟಲಿಲ್ಲ. ಬೇಕಾದಷ್ಟೇ ಸಾಕು, ಉಳಿದದ್ದನ್ನು ಎಲ್ಲಿಂದ ತಂದೆಯೋ ಅಲ್ಲೇ ಚೆಲ್ಲಿ ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯಲ್ಲಿ ಲಕ್ಕಮ್ಮ ಪಕ್ಕದ ಮನೆಯವರ ಕೈ ಎಷ್ಟು ದುಡಿಯುತ್ತಿದೆ ಎಂದು ಅಳೆಯಲು ಹೋಗುವುದಿಲ್ಲ. ತನ್ನ ಮನೆಗೆ ಬಂದ ಅಕ್ಕಿಯಲ್ಲಿ ಇನ್ನೊಬ್ಬರ ಪಾಲು ಸೇರಿದೆಯೇ ಎಂದು ನೋಡುತ್ತಾಳೆ. ಕಾಯಕದ ಲೆಕ್ಕ ಕೇಳುವ ಅಧಿಕಾರ ಅವಳಿಗೆ ಸಿಕ್ಕಿದ್ದು ಆ ಪ್ರಶ್ನೆಯನ್ನು ತನ್ನ ಹೊಸ್ತಿಲಲ್ಲೇ ಕೇಳಿದ್ದರಿಂದ.

ನಮ್ಮ ಹೊಸ್ತಿಲಲ್ಲಿ ಕೇಳಿದರೆ ಏನು ಕಾಣುತ್ತದೆ? ಥಾರ್ನ್ಲಿಯ, ಬ್ರಿಸ್ಬೇನಿನ, ಅಡಿಲೇಡಿನ ಎಷ್ಟೋ ಕನ್ನಡ ಮನೆಗಳಲ್ಲಿ ಗಂಡನ ವೀಸಾದ ಬೆನ್ನಿಗೆ ಬಂದ ಹೆಂಡತಿಯರಿದ್ದಾರೆ. ಊರಲ್ಲಿ ಲೆಕ್ಚರರ್ ಆಗಿದ್ದವರು, ಬ್ಯಾಂಕಿನಲ್ಲಿದ್ದವರು, ದಂತವೈದ್ಯೆಯರು. ಇಲ್ಲಿ ಪದವಿಗೆ ಮಾನ್ಯತೆ ಸಿಗಲು ಪರೀಕ್ಷೆ, ಶುಲ್ಕ, ವರ್ಷಗಟ್ಟಲೆ ಕಾಯುವಿಕೆ. ಅಷ್ಟರಲ್ಲಿ ಮಗು, ಅಡುಗೆ, ಬಟ್ಟೆ, ಶಾಲೆಗೆ ಬಿಡುವುದು, ಕರೆತರುವುದು. ಮಗುವಿನ ಜ್ವರದ ರಾತ್ರಿ ಅವಳದೇ, ಮರುದಿನ ಗಂಡನ ಮೀಟಿಂಗಿಗೆ ಇಸ್ತ್ರಿ ಮಾಡಿದ ಅಂಗಿಯೂ ಅವಳದೇ. ಯಾರಾದರೂ ಕೇಳಿದರೆ, 'ಇಲ್ಲ, ಮನೇಲೇ ಇದಾಳೆ' ಎಂದು ಗಂಡ ಅನ್ನುತ್ತಾನೆ. ದುಡಿಮೆ ಒಬ್ಬಳದು, ಹೆಸರು ಇನ್ನೊಬ್ಬನದು ಎನ್ನುವ ಲೆಕ್ಕಾಚಾರ 1895ರ ನಿಘಂಟಿನ ಅರ್ಥಕ್ಕೆ ಎಷ್ಟು ಹತ್ತಿರವಿದೆ ಎಂದು ನೆನೆದರೆ ಮನಸ್ಸು ಕಲಕುತ್ತದೆ. ಕೈಯಲ್ಲಿ ದೊಣ್ಣೆಯಿಲ್ಲ, ಅಷ್ಟೇ. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಆರು ತಿಂಗಳಿಗೆ ಬಂದ ಅತ್ತೆ, ಅಮ್ಮಂದಿರ ದುಡಿಮೆಯೂ ಹೀಗೆಯೇ ಲೆಕ್ಕಕ್ಕೆ ಸೇರದೆ ಹೋಗುತ್ತದೆ.

ಕೆಲಸ ಸಿಗದ ಹುಡುಗರ ಮಾತು ಇನ್ನೊಂದು. ಓದು ಮುಗಿಸಿ, ಕಾಯಂ ವಾಸದ ಅನುಮತಿ (ಪಿಆರ್) ಸಿಕ್ಕಿ, ತನ್ನ ವಿಷಯದಲ್ಲಿ ಕೆಲಸ ಸಿಗದೆ ರಾತ್ರಿ ಊಟ ಡೆಲಿವರಿ ಮಾಡುವ ಕನ್ನಡದ ಹುಡುಗರು ಮೂರೂ ನಗರಗಳಲ್ಲಿದ್ದಾರೆ. ಅವರಿಗೆ ಡೋಲ್ ಕೂಡ ಬೇಗ ಸಿಗುವುದಿಲ್ಲ. ಹೊಸ ವಲಸಿಗರು ಎರಡು ವರ್ಷ ಕಾಯಬೇಕೆಂಬ ನಿಯಮ 1997ರಲ್ಲಿ ಬಂತು; 2019ರ ಜನವರಿಯಿಂದ ನಿರುದ್ಯೋಗ ಭತ್ಯೆಗೆ ಕಾಯುವ ಅವಧಿ ನಾಲ್ಕು ವರ್ಷ. ಅಂಥ ಹುಡುಗ ಊರಿಗೆ ಫೋನ್ ಮಾಡುವುದನ್ನು ಮೊದಲು ಕಡಿಮೆ ಮಾಡುತ್ತಾನೆ, ಆಮೇಲೆ ಯುಗಾದಿ, ರಾಜ್ಯೋತ್ಸವದ ಸಮಾರಂಭಗಳಿಗೆ ಬರುವುದನ್ನು ನಿಲ್ಲಿಸುತ್ತಾನೆ. ಅಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಎಲ್ಲಿ ಕೆಲಸ ಎಂಬುದೇ. ಬೆಳಿಗ್ಗೆ ಹನ್ನೊಂದಕ್ಕೆ ಏಳುತ್ತಾನೆ, ಸ್ನಾನ ತಡವಾಗುತ್ತದೆ, ಗಡ್ಡ ಬೆಳೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಸೋಮಾರಿತನ. ವೈದ್ಯರ ಬಳಿ ಹೋದರೆ ಖಿನ್ನತೆ ಎಂಬ ಹೆಸರು ಸಿಗಬಹುದು. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಗೊತ್ತಾಗುವುದು ಹತ್ತಿರ ಹೋಗಿ ಕೂತು ಮಾತಾಡಿಸಿದವರಿಗೆ ಮಾತ್ರ.

ನಿಜವಾದ ಮೈಗಳ್ಳರು ಇಲ್ಲವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಇದ್ದಾರೆ, ಎಲ್ಲ ಕಾಲದಲ್ಲೂ ಇದ್ದರು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮನೆಯಲ್ಲಿ ಒಬ್ಬ ದುಡಿಯದೆ ಕೂತರೆ ಅವನ ಪಾಲಿನ ಭಾರ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ, ಅದನ್ನು ಅವನಿಗೆ ಬಾಯಿಬಿಟ್ಟು ಹೇಳಬೇಕು. ಹೇಳುವುದು ಪ್ರೀತಿಯ ಕೆಲಸವೇ. ಆದರೆ ಅದನ್ನು ಹೇಳಲು ಹೆಸರು ಗೊತ್ತಿರಬೇಕು, ಮುಖ ಗೊತ್ತಿರಬೇಕು, ಅವನ ಕಳೆದ ವರ್ಷ ಹೇಗೆ ಕಳೆಯಿತೆಂದು ಗೊತ್ತಿರಬೇಕು. ಪರದೆ ಮುಚ್ಚಿದ ಮನೆಗೆ, ಭತ್ಯೆ ಕೊಡುವ ಸೆಂಟರ್‌ಲಿಂಕ್ ಕಚೇರಿಯ ಎದುರಿನ ಸಾಲಿಗೆ, ಒಂದು ಇಡೀ ಜನಾಂಗಕ್ಕೆ ದೂರದಿಂದ ಎಸೆಯುವ ಮಾತಿನಿಂದ ಯಾರೂ ಎದ್ದು ಕೆಲಸಕ್ಕೆ ಹೋದದ್ದನ್ನು ನಾನು ಕಂಡಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಹೋಟೆಲು, ಜಿಮ್ಮು, ವಿಮಾನಗಳೆಲ್ಲ ನಿಂತಾಗ ದೇಶದುದ್ದಕ್ಕೂ ಅದೇ ಕಚೇರಿಗಳ ಮುಂದೆ ಸಾಲು ರಸ್ತೆಯ ತಿರುವಿನಾಚೆಗೂ ಬೆಳೆಯಿತು. ಸಾಲಿನಲ್ಲಿ ಹಿಂದಿನ ವಾರದವರೆಗೆ ಸಂಬಳ ಪಡೆಯುತ್ತಿದ್ದವರು ನಿಂತಿದ್ದರು. ಸರ್ಕಾರ ಭತ್ಯೆಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಮಾಡಿತು. ಆ ಕೆಲವು ತಿಂಗಳು ಬ್ಲಡ್ಜರ್ ಎಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ. ಆ ಸಾಲಿನಲ್ಲಿ ನಾವೂ ನಿಲ್ಲಬೇಕಾಗಬಹುದು ಎಂಬ ಅರಿವು ಎಲ್ಲರಿಗೂ ಇತ್ತು.

ಅಡಿಲೇಡಿನ ಎಲಿಜಬೆತ್‌ನಲ್ಲಿ 2017ರ ಅಕ್ಟೋಬರ್ 20ರಂದು ಹೋಲ್ಡನ್ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂತು. ಮೂವತ್ತು ವರ್ಷ ಒಂದೇ ಸಾಲಿನಲ್ಲಿ ನಿಂತು ಬಾಗಿಲು ಜೋಡಿಸಿದವನಿಗೆ ಮರುವಾರದಿಂದ ಏನು ಹೆಸರು ಕೊಡುವುದು? ಈ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ಬ್ಲಡ್ಜರ್ ಎಂಬ ಮಾತನ್ನು ಬಳಸಲೇಬೇಕಿದ್ದರೆ ಅದರ ಮೊದಲ ಒಡೆಯನಿಗೆ ಬಳಸೋಣ: ಕೂಲಿ ಹಿಡಿದುಕೊಂಡ ಮಾಲೀಕನಿಗೆ, ವಿದ್ಯಾರ್ಥಿ ವೀಸಾದ ಹುಡುಗನಿಗೆ ಕಾನೂನಿನ ಅರ್ಧ ಸಂಬಳ ಕೊಟ್ಟು ಹೆದರಿಸಿ ದುಡಿಸಿಕೊಳ್ಳುವವನಿಗೆ, ಅವನು ನಮ್ಮ ಭಾಷೆಯವನೇ ಆದರೂ ಸರಿ. ಕೈ ಖಾಲಿಯಾದವರನ್ನು ಆ ಹೆಸರಿನಿಂದ ಬಿಡುಗಡೆ ಮಾಡೋಣ.

ಇದನ್ನು ಓದುತ್ತಿರುವವರಲ್ಲಿ ಕೆಲಸದಲ್ಲಿ ನೆಲೆ ನಿಂತವರಿಗೆ ಒಂದು ಕೋರಿಕೆ. ನಿಮ್ಮ ಪರಿಚಯದಲ್ಲಿ ಕೆಲಸ ಹುಡುಕುತ್ತಿರುವ, ಈಚೆಗೆ ಸಮಾರಂಭಗಳಿಗೆ ಬರುವುದು ಬಿಟ್ಟಿರುವ ಒಬ್ಬರು ಖಂಡಿತ ಇರುತ್ತಾರೆ. ಇವತ್ತು ಅವರಿಗೆ ಫೋನ್ ಮಾಡಿ. ಎಲ್ಲಿ ಕೆಲಸ ಎಂದು ಕೇಳಬೇಡಿ, ಊಟಕ್ಕೆ ಕರೆಯಿರಿ. ಅವರ ರೆಸ್ಯೂಮೆ ತರಿಸಿಕೊಂಡು ನಿಮ್ಮ ಕಚೇರಿಯಲ್ಲಿ ಸರಿಯಾದ ಕೈಗೆ ತಲುಪಿಸಿ.